ಯಾರ ಬೆನ್ನೂ ಇಲ್ಲದ ದಿನ

ಗಾಳಿಹಾಳ ಅಂತ ಒಂದು ರಾಜ್ಯ ಇತ್ತು. ಅಲ್ಲೊಬ್ಬ ರಾಜ ಇದ್ದ. ಅವನ ನಿಜವಾದ ಹೆಸರು ಜನಕ್ಕೆ ಮರೆತೇ ಹೋಗಿತ್ತು, ಏಕೆಂದರೆ ಎದ್ದಾಗಿನಿಂದ ಮಲಗುವವರೆಗೆ ಅವನು ಕೇಳುತ್ತಿದ್ದದ್ದು ಒಂದೇ ಮಾತು, "ಯಾಕ?" ಅನ್ನ ಬಿಸಿಯಿದ್ದರೆ ಯಾಕ, ಆರಿದ್ದರೆ ಯಾಕ. ಹಾಗಾಗಿ ಎಲ್ಲರೂ ಅವನನ್ನು ಯಾಕರಾಜ ಅಂತಲೇ ಕರೆಯುತ್ತಿದ್ದರು. ಎದುರಿಗಲ್ಲ, ಹಿಂದಿನಿಂದ.

ಆ ರಾಜ್ಯದಲ್ಲಿ ಕುದುರೆ ಇರಲಿಲ್ಲ, ಸೈಕಲ್ ಇದ್ದವು. ರಾಜರ ಕಾಲದಲ್ಲಿ ಸೈಕಲ್ ಎಲ್ಲಿಂದ ಬಂತು ಅಂತ ಹುಬ್ಬೇರಿಸಬೇಡಿ. ಮಾತಾಡುವ ನರಿಯನ್ನು ಒಪ್ಪುತ್ತೀರಿ, ಸೈಕಲ್ ಒಪ್ಪಲು ನಿಮಗೇನು ಧಾಡಿ?

ಕೋಟೆಯ ಪಕ್ಕ ಒಂದು ದೊಡ್ಡ ಕೆರೆ. ಅದರಾಚೆ ಬರೀ ಬಯಲು. ಬಯಲು ದಾಟಿದರೆ ತಗ್ಗಿನಹಾಳ ಅನ್ನುವ ಹಳ್ಳಿ. ಕೆರೆಯ ಏರಿ ಒಡೆದರೆ ನೀರು ನುಗ್ಗುವುದು ಆ ಹಳ್ಳಿಗೇ. ಹೋದ ಮಳೆಗಾಲದಲ್ಲಿ ಹಾಗೇ ಆಗಿತ್ತು. ಓಲೆ ಒಯ್ಯಬೇಕಾದ ಓಲೆಕಾರ ಎದುರುಗಾಳಿಗೆ ಹೆದರಿ, ಜೊತೆಗೆ ಯಾರಾದರೂ ಬರಲಿ ಅಂತ ಕೋಟೆಯ ಅಗಸಿ ಬಾಗಿಲಲ್ಲಿ ಕಾಯುತ್ತ ಕೂತ. ಓಲೆ ತಲುಪುವ ಮೊದಲೇ ನೀರು ತಲುಪಿತು. ಆ ನೀರಲ್ಲಿ ತಗ್ಗಿನಹಾಳದ ಬರಮಣ್ಣನ ತಂಗಿ ಕೊಚ್ಚಿಹೋದಳು.

ರಾಜ ಆ ಓಲೆಕಾರನನ್ನು ತೆಗೆದುಹಾಕಿ ಡಂಗುರ ಸಾರಿಸಿದ. ಮೂರು ದಿನ ಸೈಕಲ್ ಪಂದ್ಯ, ಅಗಸಿಯಿಂದ ಹೊರಟು ಮತ್ತೆ ಅಗಸಿ ಮುಟ್ಟಬೇಕು. ನೀರಿನ ಹಂಡೆಯಲ್ಲಿ ತೂತಿನ ಬಟ್ಟಲು ಬಿಡುವುದು, ಅದು ಮುಳುಗಿದರೆ ಒಂದು ಎಣಿಕೆ. ಮೂರೂ ದಿನದ ಬಟ್ಟಲು ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ಹೊಸ ಓಲೆಕಾರ.

ಹನ್ನೆರಡು ಜನ ಬಂದರು. ಅಗಲ ಬೆನ್ನಿನ ಬರಮಣ್ಣನೂ ಬಂದ. ತನ್ನ ಊರಿಗೆ ಇನ್ನೊಂದು ಸಲ ಓಲೆ ತಡವಾಗಬಾರದು, ಅಷ್ಟೇ ಅವನ ಆಸೆ. ಪೇಟೆಯ ಮಲ್ಹಾರಿಯೂ ಬಂದ. ಅವನಿಗೆ ಬೇಕಾದದ್ದು ಓಲೆಕಾರನ ಜರಿ ರುಮಾಲು. ಕಾಲು ಸಣ್ಣ, ನಾಲಿಗೆ ಉದ್ದ.

ಸೈಕಲ್ ಹಗುರಾಗಲಿ ಅಂತ ಎಲ್ಲರೂ ಮಡ್‌ಗಾರ್ಡ್ ಬಿಚ್ಚಿಟ್ಟರು. ಮಳೆ ಬಿದ್ದು ರಸ್ತೆಯೆಲ್ಲ ಕೆಂಪು ಕೆಸರು.

ಮೊದಲನೆಯ ದಿನ ಗಾಳಿ ಎದ್ದಿತು. ಮಲ್ಹಾರಿ ಬರಮಣ್ಣನ ಹಿಂದೆ ಸೇರಿಕೊಂಡ.

"ಬರಮಣ್ಣಾ, ಸದ್ಯ ನೀ ಮುಂದ ನಡಿ. ಆ ಬೇವಿನ ಗಿಡ ಬರ್ಲಿ, ಆಮ್ಯಾಲ ನಾ ಮುಂದ ಬರ್ತೀನಿ."

ಬೇವಿನ ಗಿಡ ಬಂತು. "ಅಯ್ಯಯ್ಯ, ಹೊಟ್ಟಿ ಹಿಡಕೊಂಡೈತಿ" ಅಂದ ಮಲ್ಹಾರಿ. ಅಗಸಿ ಕಂಡ ಕೂಡಲೇ ಹೊಟ್ಟೆನೋವು ಮಾಯವಾಯಿತು. ಬರಮಣ್ಣನ ಬೆನ್ನ ಹಿಂದಿನಿಂದ ಚಂಗನೆ ಹೊರಗೆ ಬಂದು ಮೊದಲು ಮುಟ್ಟಿದ.

ಎರಡನೆಯ ದಿನ, "ಆ ಹಾಳು ಬಾವಿ ಬರ್ಲಿ" ಅಂದ. ಬಾವಿ ಬಂತು. "ಕಾಲು ಮರಗಟ್ಟೈತಿ ಅಣ್ಣಾ" ಅಂದ. ಮತ್ತೆ ಅವನೇ ಮೊದಲು.

ಮೂರನೆಯ ದಿನ, "ಗಡಿಕಲ್ಲು ಬರ್ಲಿ, ನಮ್ಮವ್ವನಾಣಿ" ಅಂದ. ಗಡಿಕಲ್ಲು ಬಂತು. "ಕಣ್ಣಾಗ ನುಸಿ ಬಿತ್ತು!" ಅಂದ. ಮತ್ತೆ ಅವನೇ ಮೊದಲು. ತಾಯಿಯ ಆಣೆ ಗಾಳಿಗೆ ಹೋಯಿತು.

ಜನ ಮಲ್ಹಾರಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ರಾಜ ಮಾತ್ರ ಲೆಕ್ಕದ ಹಲಗೆ ನೋಡುತ್ತ ತಲೆ ಕೆರೆದುಕೊಂಡ.

"ದಿನಾ ಹನ್ನೆರಡೂ ಮಂದಿ ಒಟ್ಟಿಗೇ ಬರ್ತಾರ. ಮೊದಲನೇದವಗೂ ಕಡೀದವಗೂ ಒಂದ ಬಟ್ಟಲಕಿಂತ ಹೆಚ್ಚು ಫರಕಿಲ್ಲ. ಮೂರು ದಿನ ಕೂಡಿಸಿದ್ರೂ ಮಲ್ಹಾರಿ ಬರಮಣ್ಣಗಿಂತ ಒಂದ ಬಟ್ಟಲ ಮುಂದ. ಯಾಕ?"

ಮಂತ್ರಿ ಹಲಗೆ ತಿರುಗಿಸಿ ನೋಡಿದ. ಸೇನಾಪತಿ ಬಟ್ಟಲಿನ ತೂತು ನೋಡಿದ. ಪಂದ್ಯದವರ ಅಂಗಿ ಒಯ್ಯಲು ಬಂದಿದ್ದ ಅರಮನೆಯ ಅಗಸಗಿತ್ತಿ ಯಂಕವ್ವ ಗಂಟು ಕೆಳಗಿಟ್ಟಳು.

"ಬುದ್ಧೀ, ನನಗ ಸೈಕಲ್ ತಿಳಿಯಂಗಿಲ್ಲ. ಅಂಗಿ ತಿಳಿತಾವ. ಇದು ಬರಮಣ್ಣನ ಅಂಗಿ. ಬೆನ್ನ ತುಂಬ ಕೆಸರು, ಅವನ ಸ್ವಂತ ಗಾಲಿ ಸಿಡಿಸಿದ್ದು. ಇದು ಮಲ್ಹಾರಿದು. ಎದಿ ತುಂಬ ಕೆಸರು. ಮೂರು ದಿನದಿಂದ ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದಾವ."

"ಎದಿಗ್ಯಾಕ?"

"ಎದಿಗೆ ಸಿಡೀಬೇಕಂದ್ರ ಮುಂದೊಂದು ಗಾಲಿ ಇರಬೇಕಲ್ರೀ."

ರಾಜನ ಕಣ್ಣು ಅರಳಿದವು. "ಹಿಂದಿದ್ರ ಏನಾತು? ಪೆಡಲ್ ಅವನೂ ತುಳೀತಾನಲ್ಲ?"

ಯಂಕವ್ವ ಬಾಯಿಮಾತಲ್ಲಿ ಹೇಳಲಿಲ್ಲ. ರಾಜನನ್ನು ಮಾಳಿಗೆಗೆ ಕರೆದೊಯ್ದು ಒಂದು ಒದ್ದೆ ದುಪ್ಪಟಿ ಕೈಗೆ ಕೊಟ್ಟು, ಗಾಳಿಗೆ ಎದುರಾಗಿ ಹಿಡಿದು ನಡೆಯಿರಿ ಅಂದಳು. ರಾಜ ಮೂರು ಹೆಜ್ಜೆಗೆ ಏದುಸಿರು ಬಿಟ್ಟ. ಆಮೇಲೆ ದುಪ್ಪಟಿ ತಾನು ಹಿಡಿದು ಮುಂದೆ ನಡೆದಳು, ರಾಜ ಅವಳ ಹಿಂದೆ ನಡೆದ. ಕೂದಲೂ ಅಲ್ಲಾಡಲಿಲ್ಲ. ಮಾಳಿಗೆಯ ಕೊನೆವರೆಗೂ ಹಾಡಿಕೊಂಡು ಹೋದ.

"ಹಂಗಾರ ಮುಂದಿನವಗ ಗಾಳಿ, ಹಿಂದಿನವಗ ಹಾರ!"

"ಒಬ್ಬರ ಬೆನ್ನ ಮರಿಯಾಗ ಹೋಗೂದು ತಪ್ಪಲ್ರೀ, ಎಲ್ಲಾರೂ ಹೋಗ್ತಾರ. ಸರದಿ ಬಂದಾಗ ಮುಂದ ಬರಬೇಕು, ಅಷ್ಟ. ಆದ್ರ ನನಗೊಂದು ಹೇಳ್ರಿ. ಓಲೆಕಾರ ಬಯಲಾಗ ಹೊಂಟಾಗ ಅವನ ಮುಂದ ಯಾರಿರ್ತಾರ?"

ರಾಜ ಆ ಪ್ರಶ್ನೆಯನ್ನು ಅಂದು ಊಟ ಮಾಡುವಾಗಲೂ ಯೋಚಿಸಿದ. ಕೊನೆಗೆ ಕೈ ತೊಳೆಯದೆಯೇ ಎದ್ದು ಬಂದು ಅಪ್ಪಣೆ ಕೊಡಿಸಿದ. ಪಂದ್ಯಕ್ಕೆ ಇನ್ನೊಂದು ದಿನ. ಕೆರೆ ಬಳಸಿ, ಬಯಲು ಸುತ್ತಿ, ಮತ್ತೆ ಅಗಸಿಗೆ ಬರಬೇಕು. ಒಬ್ಬೊಬ್ಬರೇ. ಒಬ್ಬ ಹೊರಟು ಮೂರು ಬಟ್ಟಲು ಮುಳುಗಿದ ಮೇಲೆ ಇನ್ನೊಬ್ಬ. ಹಿಂದುಳಿದವನು ಮೊದಲು ಹೊರಡಬೇಕು, ಎಲ್ಲರಿಗಿಂತ ಮುಂದಿರುವವನು ಕೊನೆಗೆ. ಯಾರೂ ಯಾರ ಬೆನ್ನ ಹಿಂದೆಯೂ ಸೇರುವಂತಿಲ್ಲ.

ಅಂಗಿಯ ಸಂಗತಿ ಮಲ್ಹಾರಿಯ ಕಿವಿಗೂ ಬಿತ್ತು. ಅವನು ತನ್ನ ಭಾವಮೈದುನನನ್ನು ಕರೆಸಿದ. ಆಳು ಬಾಗಿಲಿನಷ್ಟು ಅಗಲ. "ನೀ ಹಾಳು ಬಾವಿ ಹಿಂದ ಅಡಗಿರು. ನಾ ಬಂದ ಕೂಡಲೇ ಸೈಕಲ್ ಹತ್ತಿ ನನ್ನ ಮುಂದ ಹೊಡಿ" ಅಂದ. ಎದೆಗೆ ಕೆಸರು ತಾಗದಂತೆ ಬಯಲಲ್ಲಿ ಕಟ್ಟಿಕೊಂಡು, ಅಗಸಿ ಹತ್ತಿರ ಬಂದಾಗ ಬಿಚ್ಚಿ ಎಸೆದರಾಯಿತು ಅಂತ ಒಂದು ಮೇಣಬಟ್ಟೆಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡ. ಬಯಲಿನ ನಡುವೆ ನಿಂತು ಕಾಯಲು ಯಾವ ಸಿಪಾಯಿಗೂ ಮನಸ್ಸಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ದಿನ ಬಯಲಲ್ಲಿ ಜಿನುಗು ಮಳೆ, ಗಾಳಿಯ ಜೊತೆ ಎದುರಿಗೇ ಬಡಿಯುತ್ತಿತ್ತು. ಮೂರು ದಿನ ಒಟ್ಟಿಗೆ ಬಂದಿದ್ದ ಹನ್ನೆರಡು ಜನ ಅಂದು ಎಲ್ಲೆಲ್ಲಿಗೋ ಚೆದುರಿದರು. ಒಬ್ಬನಿಗೆ ಐವತ್ತು ಬಟ್ಟಲು, ಇನ್ನೊಬ್ಬನಿಗೆ ಅರವತ್ತು, ಮತ್ತೊಬ್ಬನಿಗೆ ಎಪ್ಪತ್ತು. ರಾಜ ಹಂಡೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದು ಬಟ್ಟಲು ಮುಳುಗುವುದನ್ನೂ ಬಾಯಿ ತೆರೆದು ನೋಡಿದ.

ಬರಮಣ್ಣನ ಮುಂದೆ ಯಾರೂ ಇರಲಿಲ್ಲ, ಹಿಂದೆ ಯಾರೂ ಇರಲಿಲ್ಲ. ತಂಗಿಯ ನೆನಪೊಂದಿತ್ತು. ಅಳು ಬಂತು, ಅಳುತ್ತಲೇ ತುಳಿದ. ನಲವತ್ತು ಬಟ್ಟಲಿಗೆ ಅಗಸಿ ಮುಟ್ಟಿದ.

ಕೊನೆಗೆ ಮಲ್ಹಾರಿ ಬಂದ. ಅವನಿಗೂ ಸರಿಯಾಗಿ ನಲವತ್ತು! ಹಿಂದಿನ ಮೂರು ದಿನದ ಒಂದು ಬಟ್ಟಲಿನ ಮುನ್ನಡೆ ಹಾಗೇ ಉಳಿಯಿತು. ಎದೆ ನೋಡಿದರೆ ಒಂದು ಹನಿ ಕೆಸರಿಲ್ಲ.

"ನೋಡ್ರೀ, ಮಲ್ಲಿಗಿ ಹಂಗೈತಿ" ಅಂತ ಎದೆ ಉಬ್ಬಿಸಿದ.

ಯಂಕವ್ವ ಹತ್ತಿರ ಬಂದು ಅವನ ಎದೆಯ ಮೇಲೆ ಕೈಯಾಡಿಸಿದಳು.

"ಅಲ್ಲೋ ತಮ್ಮಾ, ಬರಮಣ್ಣನ ಅಂಗಿ ಎದಿ ಹಿಂಡಿದ್ರ ನೀರು ಬೀಳತೈತಿ. ಉಳಿದವರದೂ ಹಂಗ ಐತಿ. ನಿಂದು ಒಣಗೈತಲ್ಲ! ಮುಂಜಾನೆ ನಾ ಹಾಕಿದ ಇಸ್ತ್ರಿ ಗೆರಿ ನೆಟ್ಟಗ ನಿಂತಾವ. ಬಯಲಾಗ ಮಳಿ ನಿನ್ನ ಕಂಡು ಪಕ್ಕಕ್ಕ ಸರೀತೇನು?"

ಜನ ನಕ್ಕರು. ಮಲ್ಹಾರಿ ಕೆಂಪಗಾದ. "ಇಸ್ತ್ರಿ ಗೆರಿ ಸಾಕ್ಷಿ ಆಗತೈತೇನು? ಬಟ್ಟಲ ಎಣಸ್ರಿ. ನಾನ ಗೆದ್ದೀನಿ, ರುಮಾಲು ನಂದು."

ರಾಜ ಉತ್ತರಿಸುವಷ್ಟರಲ್ಲಿ ಏರಿಯ ಮೇಲಿನ ಕಾವಲುಗಾರ ನಗಾರಿ ಬಾರಿಸತೊಡಗಿದ. ನಾಲ್ಕು ದಿನದ ಮಳೆಗೆ ಕೆರೆ ತುಂಬಿ ಏರಿ ಬಿರಿಯುತ್ತಿತ್ತು. ಎಲ್ಲರ ನಗು ನಿಂತಿತು.

ರಾಜ ಅಲ್ಲೇ ನಿಂತು ಓಲೆ ಬರೆಸಿ, ಮುದ್ರೆ ಒತ್ತಿ, ಮಲ್ಹಾರಿಯ ಮುಂದೆ ಹಿಡಿದ.

"ಎಣಿಕಿ ಪ್ರಕಾರ ಗೆದ್ದಾವ ನೀನ. ತಗೋ. ತಗ್ಗಿನಹಾಳ ಮುಟ್ಟು. ಈಗಿಂದೀಗ."

ಮಲ್ಹಾರಿ ಬಯಲು ನೋಡಿದ. ಗಾಳಿ ಅಲ್ಲಿ ಹೋ ಅಂತ ಕೂಗುತ್ತಿತ್ತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೇಡ ಬೇಡ ಅಂದರೂ ಮಾತು ಬಾಯಿಂದ ಜಾರಿತು.

"ಜೋಡಿ... ಯಾರು ಬರ್ತಾರ್ರೀ?"

ಗುಂಪಿನಲ್ಲಿದ್ದ ಭಾವಮೈದುನ ತಲೆ ತಗ್ಗಿಸಿದ.

ಬರಮಣ್ಣ ಯಾರನ್ನೂ ಕೇಳಲಿಲ್ಲ. ಆಗಷ್ಟೇ ಬಯಲು ಸುತ್ತಿ ಬಂದಿದ್ದ, ಅಂಗಿಯ ನೀರೂ ಆರಿರಲಿಲ್ಲ. ರಾಜನ ಕೈಯಿಂದ ಓಲೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದ, ಸೈಕಲ್ ಹತ್ತಿದ, ಹೋದ. ಜನ ಕೋಟೆಯ ಮೇಲೆ ನಿಂತು ಅವನು ಚುಕ್ಕಿಯಷ್ಟಾಗುವವರೆಗೆ ನೋಡಿದರು.

ಏರಿ ಒಡೆಯಿತು. ನೀರು ತಗ್ಗಿನಹಾಳಕ್ಕೆ ನುಗ್ಗಿತು. ಆದರೆ ಅಲ್ಲಿ ಖಾಲಿ ಮನೆಗಳಷ್ಟೇ ಇದ್ದವು. ಊರಿಗೆ ಊರೇ ಮಕ್ಕಳುಮರಿ, ದನಕರು ಕಟ್ಟಿಕೊಂಡು ಗುಡ್ಡ ಹತ್ತಿ ಕೂತಿತ್ತು. ಬರಮಣ್ಣ ಒಂದೊಂದು ತಲೆಯನ್ನೂ ಎಣಿಸಿದ. ಒಂದೂ ಕಡಿಮೆ ಇರಲಿಲ್ಲ. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಮಲಗಿ ನಿದ್ದೆ ಹೋದ.

ಓಲೆಕಾರನ ರುಮಾಲು ಅವನದಾಯಿತು. ಮಲ್ಹಾರಿಗೆ ರಾಜ ಛಡಿ ಏಟು ಕೊಡಿಸಲಿಲ್ಲ. ಸಂತೆಯ ಸಾಮಾನು ಹೊತ್ತ ಸೈಕಲ್‌ಗಳು ಬಯಲು ದಾಟುವಾಗಲೆಲ್ಲ ಒಂದು ವರ್ಷ ಎಲ್ಲರಿಗಿಂತ ಮುಂದೆ ಅವನೇ ಇರಬೇಕು ಅಂತ ಕಟ್ಟಪ್ಪಣೆ ಮಾಡಿದ. ವರ್ಷ ತುಂಬುವಷ್ಟರಲ್ಲಿ ಮಲ್ಹಾರಿಯ ಕಾಲಿಗೆ ಸ್ವಲ್ಪ ಮಾಂಸ ಬಂತಂತೆ, ನಾಲಿಗೆ ಸ್ವಲ್ಪ ಗಿಡ್ಡ ಆಯಿತಂತೆ.

ಅಂದಿನಿಂದ ಗಾಳಿಹಾಳದಲ್ಲಿ ಎಷ್ಟು ದಿನದ ಪಂದ್ಯವಿದ್ದರೂ ಅದರಲ್ಲೊಂದು ದಿನ ಒಬ್ಬೊಬ್ಬರೇ ಹೋಗಬೇಕು ಅಂತ ಕಟ್ಟಳೆಯಾಯಿತು.

ಕೇಳಿದಿರಲ್ಲ ಮಕ್ಕಳೇ, ಇದರ ನೀತಿ ಇಷ್ಟೇ. ಗುಂಪಿನಲ್ಲಿದ್ದಾಗ ನಿಮ್ಮ ಸರದಿಯ ಗಾಳಿಗೆ ನೀವು ಎದೆ ಕೊಡಬೇಕು. ಹಾಗೆ ಕೊಟ್ಟವನಿಗೆ ಮಾತ್ರ, ಯಾರೂ ಜೊತೆಗಿಲ್ಲದ ದಿನ, ದಾರಿ ಸಾಗುತ್ತದೆ.