ಮೊನೆಯಪ್ಪನ ಪುಸ್ತಕಕ್ಕೆ ಮೂರನೇ ಹೆಸರು

ಆಲದ ಮರದಲ್ಲಿ ಹಣ್ಣಿಗಿಂತ ಪುಸ್ತಕಗಳೇ ಹೆಚ್ಚು ತೂಗುವ ಒಂದು ಕಾಡಿನಲ್ಲಿ ಮೊನೆಯಪ್ಪ ಎಂಬ ಮುಳ್ಳುಹಂದಿ ಇದ್ದ. ಗೂಬಜ್ಜಿಯ ಶಾಲೆಯಲ್ಲಿ ಮೂರನೇ ತರಗತಿಯವರೆಗೆ ಓದಿದ್ದ. ನಾಲ್ಕಕ್ಕೆ ಹೋಗಲಿಲ್ಲ. ಪಕ್ಕದಲ್ಲಿ ಕೂತವರೆಲ್ಲ ಮೈಗೆ ಚುಚ್ಚುತ್ತದೆ ಎಂದು ದೂರು ಕೊಟ್ಟಿದ್ದರು. ಆದರೂ ಅವನು ಒಬ್ಬನೇ ಕೂತು ಒಂದು ಪುಸ್ತಕ ಬರೆದ. ಲೇಖನಿ ತನ್ನದೇ ಮುಳ್ಳು, ಶಾಯಿ ನೇರಳೆ ಹಣ್ಣಿನ ರಸ, ಹಾಳೆ ಮುತ್ತುಗದ ಎಲೆ.

ಬರೆಯಲು ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಅವನ ಸೋದರಮಾವ ಗೌರಿ ಹೂವಿನ ಬಳ್ಳಿಯ ಗೆಡ್ಡೆಯನ್ನು ಗೆಣಸೆಂದು ತಿಂದು ಮಲಗಿದವನು ಮತ್ತೆ ಏಳಲೇ ಇಲ್ಲ. ಯಾವ ಗೆಡ್ಡೆ ಊಟ, ಯಾವುದು ವಿಷ ಎಂದು ಮೊನೆಯಪ್ಪ ಕಾಡೆಲ್ಲ ಅಲೆದು, ಅಗೆದು, ಹಿರಿಯರನ್ನು ಕೇಳಿ ಬರೆದಿಟ್ಟ. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದು ಎಂಬುದು ಅವನ ಹಟ.

ಹೊರಗಿನ ಎಲೆಯ ಮೇಲೆ 'ಗೆಡ್ಡೆಗೆಣಸುಗಳ ಸವಿಸ್ತಾರ ವಿವರಣೆ, ಭಾಗ ಒಂದು' ಎಂದು ಹೆಸರು ಬರೆದ. ದೊಡ್ಡ ದೊಡ್ಡ ಪದ ಹಾಕಿದರೆ ಮೂರನೇ ತರಗತಿ ಎಂದು ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಪುಸ್ತಕ ಓದಿ ಮುಗಿಸಿದವರು ತಮ್ಮ ಮೈಯ ಒಂದು ಕೂದಲನ್ನೋ ಗರಿಯನ್ನೋ ಅದರ ದಾರಕ್ಕೆ ಕಟ್ಟಬೇಕು. ಮೂರು ತಿಂಗಳಾದರೂ ಮೊನೆಯಪ್ಪನ ಪುಸ್ತಕದ ದಾರದಲ್ಲಿ ಇದ್ದದ್ದು ಒಂದು ಎಳೆ ಪಾಚಿ. ಅದು ಆಮೆಯಣ್ಣನದು. ಪಾಪ, ಅವನಿಗೆ ಕೂದಲಿರಲಿಲ್ಲ.

"ಅಜ್ಜಿ, ನನ್ನ ಪುಸ್ತಕ ಯಾರೂ ಯಾಕೆ ಮುಟ್ಟಲ್ಲ?" ಎಂದು ಮೊನೆಯಪ್ಪ ಕೇಳಿದ.

ಗೂಬಜ್ಜಿ ಒಂದು ಕಣ್ಣು ತೆರೆದಳು. "ಹಗಲು ನಿದ್ದೆ ಬರದಿದ್ದಾಗ ನಾನು ಅದರ ಹೆಸರು ಓದ್ಕೋತೀನಿ ಕಣೋ. ಅರ್ಧಕ್ಕೆ ಬರೋದ್ರೊಳಗೆ ಗೊರಕೆ!"

"ಹಾಗಾದ್ರೆ ಹೆಸರು ಬದಲಾಯಿಸ್ತೀನಿ."

"ಬದಲಾಯಿಸು. ಒಳಗೆ ಇರೋದನ್ನೇ ಹೊರಗೆ ಹೇಳು."

ಮೊನೆಯಪ್ಪನ ಕಿವಿಗೆ ಬಿದ್ದದ್ದು 'ಬದಲಾಯಿಸು' ಎಂಬುದೊಂದೇ. ಉಳಿದದ್ದು ಕೇಳುವಷ್ಟರಲ್ಲಿ ಅವನು ಪೊದೆಯೊಳಗಿದ್ದ. ಬೆನ್ನಿಂದ ಫಟ್ ಎಂದು ಒಂದು ಮುಳ್ಳು ಕಿತ್ತ. ಕಣ್ಣಲ್ಲಿ ನೀರು ಬಂತು. ಆದರೂ ನಗುತ್ತಲೇ ಹೊಸ ಎಲೆಯ ಮೇಲೆ ಬರೆದ: 'ಹುಲಿರಾಯನ ಮೂರು ಗುಟ್ಟುಗಳು'.

ಮರುದಿನ ಆಲದ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಜಿಂಕೆ ಬಂತು, ಕರಡಿ ಬಂತು, ಮೊಲಗಳು ಒಂದರ ಮೇಲೊಂದು ಹತ್ತಿ ನಿಂತವು. ಸ್ವತಃ ಹುಲಿರಾಯನೇ ದೂರದ ಪೊದೆಯ ಹಿಂದೆ ನಿಂತು, "ನನ್ನ ಮೂರನೇ ಗುಟ್ಟು ಯಾವುದಪ್ಪಾ?" ಎಂದು ತಲೆ ಕೆರೆದುಕೊಂಡ.

ಮೊದಲು ಪುಸ್ತಕ ಸಿಕ್ಕಿದ್ದು ಕಾಡುಹಂದಿ ಕೆಸರವ್ವನಿಗೆ. ಅವಳಿಗೆ ಆರು ಮರಿಗಳು. ಹುಲಿ ಎಲ್ಲಿ ಹೊಂಚು ಹಾಕುತ್ತದೆ ಎಂದು ತಿಳಿದರೆ ಮರಿಗಳು ಉಳಿದಾವು ಎಂಬ ಆಸೆ. ಮೊದಲ ಎಲೆ ಓದಿದಳು. ಮೂತಿ ಗಂಟಾಯಿತು.

"ಲೋ ಮೊನೆಯಾ, ಹುಲಿ ಎಲ್ಲೋ? ಬರೀ ಗೆಣಸಿದೆಯಲ್ಲೋ!"

"ಮುಂದೆ ಓದಕ್ಕಾ, ಚೆನ್ನಾಗಿದೆ!"

"ಗೆಣಸು ಅಗೆಯೋದನ್ನ ಹಂದಿಗೇ ಹೇಳಿಕೊಡೋಕೆ ಬಂದ್ಯಾ?" ಎಂದು ಅವಳು ಪುಸ್ತಕವನ್ನು ಕೆಸರಿಗೆ ಎಸೆದು ನಡೆದಳು. ಉಳಿದವರು ಇಣುಕಿ ನೋಡಿ ಬೈದು ಚದುರಿದರು. ಸಂಜೆ ಮೊನೆಯಪ್ಪ ಪುಸ್ತಕ ಒರೆಸಿ ನೋಡಿದ. ದಾರದಲ್ಲಿ ಅದೇ ಪಾಚಿ ಎಳೆ.

"ಹೋಗಲಿ, ಅಷ್ಟು ಜನ ಬಂದರಲ್ಲ!" ಎಂದು ತನಗೆ ತಾನೇ ಹೇಳಿಕೊಂಡ.

ಐದನೇ ದಿನ ಗುಡ್ಡದ ಕಡೆಯಿಂದ ಕೆಸರವ್ವನ ಚೀರಾಟ ಕೇಳಿತು. ಮೊನೆಯಪ್ಪ ಓಡಿದ. ಅವಳ ಕಿರಿಯ ಮರಿ ನೆಲದಲ್ಲಿ ಹೊರಳುತ್ತಿತ್ತು. ಪಕ್ಕದಲ್ಲಿ ಅರ್ಧ ಕಚ್ಚಿ ಉಗಿದ ಗೆಡ್ಡೆ. ಮೇಲೆ ಬೆಂಕಿಯಂತೆ ಅರಳಿದ ಗೌರಿ ಹೂವು.

"ಅಕ್ಕಾ, ಇದು ವಿಷ! ನನ್ನ ಪುಸ್ತಕದ ಎರಡನೇ ಎಲೆಯಲ್ಲೇ ಬರೆದಿದ್ದೆ!"

ಕೆಸರವ್ವ ತಲೆ ಎತ್ತಿದಳು. "ನೀನು ಹುಲಿ ಅಂತ ಬರೆದೆ. ನಾನು ಹುಲಿ ಹುಡುಕಿದೆ. ವಿಷ ಅಂತ ಬರೆದಿದ್ರೆ ವಿಷ ಹುಡುಕ್ತಿದ್ದೆ. ಮಕ್ಕಳ ಬಾಯಿಗೆ ಹೋಗೋ ಮೊದಲು ಹೇಳೋದಲ್ವೇನೋ ಅದನ್ನ?"

ಮರಿ ನುಂಗಿದ್ದು ಸ್ವಲ್ಪ. ಮೂರು ದಿನ ಕಣ್ಣು ಮುಚ್ಚಿಕೊಂಡಿದ್ದು ನಾಲ್ಕನೇ ದಿನ ಎದ್ದು ಕೂತಿತು. ಆ ಮೂರು ದಿನವೂ ಮೊನೆಯಪ್ಪ ಕೆಸರವ್ವನ ಗೂಡಿನ ಬಾಗಿಲಲ್ಲೇ ಇದ್ದ.

ಆಮೇಲೆ ಇನ್ನೊಂದು ಮುಳ್ಳು ಕಿತ್ತ. ಈ ಸಲ ನಗಲಿಲ್ಲ. ಕೆಸರವ್ವನ ಮಾತನ್ನೇ ಹೆಸರಾಗಿ ಬರೆದ: 'ಮಕ್ಕಳ ಬಾಯಿಗೆ ಗೆಡ್ಡೆ ಹೋಗುವ ಮೊದಲು'.

ಆದರೆ ನಂಬುವವರು ಯಾರು? "ಈ ಸಲ ಒಳಗೆ ಆನೆ ಇರತ್ತೇನೋ!" ಎಂದು ಕರಡಿ ಕಿಸಕ್ಕೆಂದ. ಮೊಲಗಳು ಪುಸ್ತಕದ ನೆರಳನ್ನೂ ದಾಟದೆ ಸುತ್ತಿ ಹೋದವು. ಮೊನೆಯಪ್ಪ ಮರದ ಕೆಳಗಿಂದ ಕದಲಲಿಲ್ಲ. ಜಡಿಮಳೆಯಲ್ಲಿ ನೆನೆಯುತ್ತ, ಹೋಗಿ ಬರುವವರಿಗೆಲ್ಲ ಒಂದೇ ಮಾತು ಹೇಳಿದ. "ಹುಲಿ ಅಂತ ಬರೆದದ್ದು ಸುಳ್ಳು. ತಪ್ಪು ನಂದೇ. ಇದರಲ್ಲಿ ಗೆಡ್ಡೆಯೇ ಇರೋದು. ಎರಡನೇ ಎಲೆ ಒಂದನ್ನ ಓದಿ, ಆಮೇಲೆ ಬೇಕಾದ್ರೆ ಬೈಯಿರಿ."

ಒಂದು ದಿನ, ಎರಡು ದಿನ, ಹತ್ತು ದಿನ. ಗಂಟಲು ಕಟ್ಟಿತು, ಅವನು ಮಾತ್ರ ನಿಲ್ಲಿಸಲಿಲ್ಲ.

ಹನ್ನೊಂದನೇ ದಿನ ಕೆಸರವ್ವ ಆರೂ ಮರಿಗಳನ್ನು ಕಟ್ಟಿಕೊಂಡು ಬಂದಳು. ಪುಸ್ತಕ ಇಳಿಸಿಕೊಂಡಳು. ಎಲ್ಲರ ಕಿವಿಗೂ ಬೀಳುವಂತೆ ಎಲೆ ಎಲೆಯನ್ನೂ ಗಟ್ಟಿಯಾಗಿ ಓದಿದಳು. ಮುಗಿದ ಮೇಲೆ ಬೆನ್ನಿನ ಒಂದು ಬಿರುಗೂದಲು ಕಿತ್ತು ಪಾಚಿಯ ಪಕ್ಕದಲ್ಲಿ ಕಟ್ಟಿದಳು.

"ನೋವಾಯ್ತಾ ಅಕ್ಕಾ?"

"ಆಯ್ತು. ಹೆಸರು ಬದಲಾಯಿಸೋಕೆ ನಿನಗೆ ಎರಡು ಸಲ ಆಗಿದೆಯಲ್ಲ, ಬಿಡು."

ಕೇಳುತ್ತ ನಿಂತಿದ್ದ ಕರಡಿ ಮುಂದೆ ಬಂದ. "ಆ ಮೂರನೇ ಎಲೆ ಇನ್ನೊಂದ್ಸಲ ಓದವ್ವಾ" ಎಂದ. ಮಳೆಗಾಲ ಮುಗಿಯುವಷ್ಟರಲ್ಲಿ ಪುಸ್ತಕದ ದಾರಕ್ಕೆ ಕರಡಿಗಿಂತ ದಟ್ಟವಾಗಿ ಕೂದಲು ಬೆಳೆದಿತ್ತು. ಎಲ್ಲಕ್ಕೂ ಕೊನೆಗೆ ಒಂದು ಬೂದು ಗರಿ ಇತ್ತು. ಗೂಬಜ್ಜಿ ಅವತ್ತು ಇಡೀ ಹಗಲು ನಿದ್ದೆಗೆಟ್ಟು ಓದಿದ್ದಳು.

ನೀತಿ: ಸುಳ್ಳು ಹೆಸರು ಜನರನ್ನು ಸೇರಿಸಬಹುದು, ಓದಿಸಲಾರದು. ಒಳಗಿರುವುದನ್ನೇ ಹೊರಗೆ ಹೇಳು. ತಪ್ಪಾದರೆ ಒಪ್ಪಿಕೊಂಡು ಅಲ್ಲೇ ಗಟ್ಟಿಯಾಗಿ ನಿಲ್ಲು.