ಹಗ್ಗ ಹಿಡಿದ ಕೈಗಳು

ಎಷ್ಟು ಹಿಂದೆ ಅಂತ ಕೇಳಬೇಡಿ, ಲೆಕ್ಕ ಇಟ್ಟವರು ಯಾರೂ ಉಳಿದಿಲ್ಲ. ಸಿದ್ದರಕಣಿವೆ ಅಂತ ಒಂದು ಊರು. ಆ ಊರಲ್ಲಿ ಬಾವಿ ತೋಡುವ ಸುಂಕಕ್ಕ ಅಂತ ಒಬ್ಬಳಿದ್ದಳಂತೆ. ನೆಲಕ್ಕೆ ಕಿವಿಯಿಟ್ಟು ಮಲಗಿದರೆ ಅವಳಿಗೆ ಕೆಳಗೆ ನೀರು ಗುಳುಗುಳು ಅನ್ನುವುದು ಕೇಳುತ್ತಿತ್ತಂತೆ. ಹಾರೆ ಮುಟ್ಟಿದರೆ ಬಂಡೆ ಬಾಯಿ ಬಿಡುತ್ತಿತ್ತಂತೆ. ನೋಡಿದವರು ಒಬ್ಬರೂ ಇಲ್ಲ, ಹೇಳುವವರು ಊರ ತುಂಬ.

ಆ ಕಾಲದಲ್ಲಿ ಸಂತೆ ದಾರಿಯಲ್ಲಿ ಒಬ್ಬ ವ್ಯಾಪಾರಿ ಬರುತ್ತಿದ್ದನಂತೆ. ಎಲ್ಲರಿಗೂ ಮೆಣಸು ಜೀರಿಗೆ, ಮೀಸೆ ಮೂಡದ ಹುಡುಗರಿಗೆ ಮಾತ್ರ ಅಫೀಮಿನ ಕರಿ ಉಂಡೆ. ಮೊದಲ ಉಂಡೆ ಪುಕ್ಕಟೆ. ಊರಿನ ಮೂವರು ಹುಡುಗರು ಅದಕ್ಕೆ ಬಿದ್ದರು. ಅವರಲ್ಲಿ ದೊಡ್ಡವನು ಪಾಲ, ಹದಿನಾರು ತುಂಬಿತ್ತೋ ಇಲ್ಲವೋ. ಉಂಡೆಗೆ ಕೊಡಲು ಮನೆಯ ತಂಬಿಗೆ ಹೋಯಿತು, ಅವ್ವನ ಕಾಲುಂಗುರ ಹೋಯಿತು, ಕೊನೆಗೆ ಗುಡಿಯ ಕಂಚಿನ ದೀಪವೂ ಹೋಯಿತು. ಅಲ್ಲಿಗೆ ಸಿಕ್ಕಿಬಿದ್ದರು.

ಕಳ್ಳರನ್ನು ಕೋಟೆಗೆ ಒಪ್ಪಿಸುವುದು ಆಗಿನ ನ್ಯಾಯ. ಕೋಟೆಯ ಕಲ್ಲುಗಣಿಗೆ ಹೋದವರು ಮರಳಿ ಬಂದದ್ದಿಲ್ಲ. ಊರ ಗೌಡ ಕೋಟೆಗೆ ಹೇಳಿಕಳಿಸಿದ್ದ. ಆಗ ಸುಂಕಕ್ಕ ನ್ಯಾಯದ ಕಟ್ಟೆಯ ಮುಂದೆ ಬಂದು, ಊರ ಹೊಸ ಬಾವಿಗೆ ನೀರು ಬರುವ ತನಕ ಈ ಮೂವರನ್ನು ನನಗೆ ಕೊಡಿ ಅಂದಳಂತೆ. ಕರುಣೆ ಅಂತ ಕೆಲವರು ಹೇಳುತ್ತಾರೆ. ಅವಳ ಬಾಯಿಗೆ ಹೆದರಿ ಬೇರೆ ಆಳೇ ಸಿಗುತ್ತಿರಲಿಲ್ಲ ಅಂತ ಇನ್ನು ಕೆಲವರು. ಗೌಡ ಒಪ್ಪಿದ, ಆದರೆ ಒಂದೇ ಒಂದು ತಪ್ಪಾದರೆ ಮೂವರೂ ಕೋಟೆಗೆ ಅಂದ.

ಮೊದಲ ವಾರ ಹುಡುಗರು ವಾಂತಿ ಮಾಡಿಕೊಂಡರು, ಮೂಳೆ ಮುರಿದವರಂತೆ ಹೊರಳಾಡಿದರು. ಸುಂಕಕ್ಕ ಅಂಬಲಿ ಕುಡಿಸಿದಳು, ಬೈದಳು, ಮಣ್ಣಿನ ಪುಟ್ಟಿ ಎಳೆಸಿದಳು. ಪುಟ್ಟಿ ಜಾರಿ ಬಿದ್ದರೆ ಮತ್ತೆ ಎಳೆಸಿದಳು. ಆಳಕ್ಕೆ ಹೋದಂತೆ ಬಾವಿಯೊಳಗಿನ ಮಾತು ಒಡೆದು ಮೇಲಿನವರಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಹಗ್ಗದ ಮಾತು ಕಲಿಸಿದಳು. ಒಂದು ಸಲ ಜಗ್ಗಿದರೆ ಹಿಡಿ, ಎರಡು ಸಲ ಜಗ್ಗಿದರೆ ಎಳೆ, ಮೂರು ಸಲ ಜಗ್ಗಿದರೆ ಸಡಿಲ ಬಿಡು.

ಒಂಬತ್ತನೆಯ ದಿನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಆ ನಡುಗುವ ಕೈಗಳಿಗೇ ಕೊಟ್ಟು, ತಾನೇ ಇಳಿದಳಂತೆ.

ಊರು ಎದೆ ಹಿಡಿದುಕೊಂಡಿತು. ದಿನವೂ ಬಯಲಾಟ ನೋಡುವ ಹಾಗೆ ಜನ ಬಾವಿಯ ಸುತ್ತ ಕೂತರು. ಕೈ ಇವತ್ತು ಬಿಡುತ್ತಾರೋ ನಾಳೆ ಬಿಡುತ್ತಾರೋ ಅಂತ ಮಾತಾಡಿಕೊಂಡರು. ಬಾವಿ ಹತ್ತಾಳು ಆಳ ಹೋದಾಗ ಗೌಡನಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಸುಂಕಕ್ಕ ಇಳಿದ ಮೇಲೆ, ಅವಳಿಗೆ ತಿಳಿಸದೆ, ಹಗ್ಗದ ಬಾಲವನ್ನು ಎಳೆದು ದನ ಕಟ್ಟುವ ಕಲ್ಲುಕಂಬಕ್ಕೆ ಬಿಗಿಸಿದನಂತೆ.

ಪಾಲ ಅದನ್ನು ನೋಡಿ, "ಹಂಗಾದ್ರೆ ನಾವ್ಯಾಕೆ, ಗೌಡ್ರೇ?" ಅಂದ.

"ನೀವು ಸುಮ್ನೆ ಹಿಡ್ಕೊಳ್ರಿ. ನಂಬಿಕೆಗೆ ಕಂಬ ಐತೆ."

ಹುಡುಗ ಹಗ್ಗಕ್ಕೆ ಮರಳಿ ಕೈ ಹಾಕಿ ನಿಂತನಂತೆ.

ಹೊತ್ತು ನೆತ್ತಿಗೆ ಬರುವಾಗ ಬಾವಿಯ ಪಡುವಣ ಗೋಡೆ ಬಿರಿಯಿತು. ಮೊದಲು ಜರಿಮಣ್ಣು, ಆಮೇಲೆ ಹೆಂಟೆ, ಆಮೇಲೆ ಕಲ್ಲು. ಇಂಥ ದಿನ ಬರುತ್ತದೆಂದು ಸುಂಕಕ್ಕ ಬಾವಿಯ ತಳದಲ್ಲಿ, ಪಕ್ಕದ ಗೋಡೆಗೆ ಒಂದು ಗೂಡು ಕೊರೆದಿಟ್ಟಿದ್ದಳು, ಒಂದು ಮೈ ನುಗ್ಗುವಷ್ಟು. ಅದರೊಳಗೆ ಹೋಗಲು ಒಂದು ಮಾರು ಹಗ್ಗ ಹೆಚ್ಚು ಬೇಕು. ತಲೆ ಮೇಲೆ ಕಲ್ಲು ಬೀಳುವಾಗ ಸೊಂಟದ ಗಂಟು ಬಿಚ್ಚುತ್ತ ಕೂರಲಾಗುತ್ತದೆಯೇ? ಹಗ್ಗವನ್ನು ಮೂರು ಸಲ ಜಗ್ಗಿದಳು.

ಮೇಲೆ ಜನರೆಲ್ಲ ಎಳೀರಿ, ಎಳೀರಿ ಅಂತ ಕೂಗುತ್ತಿದ್ದರು. ಎಳೆದರೆ ಬೀಳುವ ಕಲ್ಲಿಗೇ ಅವಳ ತಲೆ ಕೊಟ್ಟಂತೆ. ಜನರಿಗೆ ಅದು ಗೊತ್ತಿಲ್ಲ. ಗೊತ್ತಿದ್ದದ್ದು ಆರು ಕೈಗಳಿಗೆ ಮಾತ್ರ. ಹುಡುಗರು ಸಡಿಲ ಬಿಡಲು ನೋಡಿದರೆ ಹಗ್ಗ ಒಂದು ಗೇಣೂ ಇಳಿಯಲಿಲ್ಲ. ಕಂಬ ಬಿಡಲಿಲ್ಲ.

ಮತ್ತೆ ಮೂರು ಸಲ ಜಗ್ಗಿತು.

ಪಾಲ ಹಗ್ಗವನ್ನು ಇಬ್ಬರಿಗೆ ಕೊಟ್ಟು ಕಂಬಕ್ಕೆ ಓಡಿದ. ಗಂಟಿಗೆ ಬಾಯಿ ಹಾಕಿ ಹಲ್ಲಿನಲ್ಲಿ ಬಿಚ್ಚತೊಡಗಿದ. ಸುಂಕಕ್ಕನನ್ನು ಕೊಲ್ಲುತ್ತಿದ್ದಾನೆ ಅಂದುಕೊಂಡು ಜನ ಬಡಿಗೆ ಎತ್ತಿದರು. ಬೆನ್ನ ಮೇಲೆ ಏಟು ಬೀಳುತ್ತಿದ್ದವಂತೆ, ಅವನು ಕಚ್ಚಿದ ಗಂಟು ಬಿಡಲಿಲ್ಲವಂತೆ. ಗಂಟು ಬಿಚ್ಚಿತು. ಇಬ್ಬರು ಒಂದು ಮಾರು ಹಗ್ಗ ಬಿಟ್ಟು ಕಾಲೂರಿ ನಿಂತರು. ಬಾವಿಯಿಂದ ಕೆಂಧೂಳು ಎದ್ದಿತು. ಹಗ್ಗ ಜೋತುಬಿತ್ತು.

ಈ ಮೂವರ ಕೈ ಕಟ್ಟಿಹಾಕಿ ಅಂದನಂತೆ ಗೌಡ. ಪಾಲ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕೂತುಬಿಟ್ಟ. ತುಟಿ ಹರಿದು ರಕ್ತ ಬರುತ್ತಿತ್ತು.

"ಯಕ್ಕ ಹೇಳೋ ಗಂಟ ಬಿಡಾಕಿಲ್ಲ," ಅಂದ. "ಕೋಟೆಗೆ ಆಮ್ಯಾಕೆ ಕಳ್ಸ್ರಿ."

ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಅಂತ ಕೆಲವರು, ಒಂದು ಜಾವ ಅಂತ ನಮ್ಮಜ್ಜಿ. ಅಷ್ಟು ಹೊತ್ತೂ ಅವನು ಹಗ್ಗ ಬಿಡಲಿಲ್ಲ. ಆಮೇಲೆ ಪಾಲನ ಮುಂಗೈ ಅಲುಗಿತು. ಒಂದು ಸಲ. ಇನ್ನೊಂದು ಸಲ.

ಮೂವರೂ ಎಳೆದರು.

ಮೇಲೆ ಬಂದ ಸುಂಕಕ್ಕನ ಮೈಯಲ್ಲಿ ಕಣ್ಣೆರಡು ಬಿಟ್ಟರೆ ಉಳಿದದ್ದೆಲ್ಲ ಮಣ್ಣೇ. ಬಾಯಿಯ ಮಣ್ಣು ಉಗಿದು, ಕಂಬದ ಬುಡದಲ್ಲಿ ಬಿದ್ದಿದ್ದ ಹಗ್ಗದ ಬಾಲ ನೋಡಿದಳು. ಯಾರು ಕಟ್ಟಿದ್ದು ಅಂತ ಕೇಳಲಿಲ್ಲ.

"ಗೌಡ್ರೇ, ನಾನು ಜಗ್ಗಿದ್ದು ಕಂಬಕ್ಕೆ ಗೊತ್ತಾತಾ?" ಅಂದಳಂತೆ.

ಗೌಡ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದನಂತೆ. ಕೋಟೆಯವರು ಬಂದಾಗ, ಆ ಕೈಗಳು ನಮಗೆ ಬೇಕು ಅಂತ ಹೇಳಿ ಅವನೇ ಹಿಂದಕ್ಕೆ ಕಳಿಸಿದನಂತೆ. ಸುಂಕಕ್ಕ ಮೇಲೆ ಬಂದ ಗಳಿಗೆಯಲ್ಲೇ ಬಿರಿದ ಗೋಡೆಯಿಂದ ಗಂಗೆ ಉಕ್ಕಿದಳು ಅಂತಲೂ ಹೇಳುವವರಿದ್ದಾರೆ. ಉಕ್ಕಲಿಲ್ಲ. ಇನ್ನೂ ಹದಿನೆಂಟು ದಿನ ಅಗೆಯಬೇಕಾಯಿತು. ಮೂವರಲ್ಲಿ ಕಿರಿಯವನು ಮತ್ತೆ ಎರಡು ಸಲ ಕರಿ ಉಂಡೆಯ ಹಿಂದೆ ಹೋದ. ಎರಡು ಸಲವೂ ಉಳಿದಿಬ್ಬರು ಹೋಗಿ ಕರೆತಂದು ಹಗ್ಗಕ್ಕೆ ನಿಲ್ಲಿಸಿದರು.

ಈಗಲೂ ಸಿದ್ದರಕಣಿವೆಯಲ್ಲಿ ವರ್ಷಕ್ಕೊಮ್ಮೆ ಸುಂಕಕ್ಕನ ಬಾವಿಯ ಹೂಳು ತೆಗೆಯುತ್ತಾರೆ. ಆ ವರ್ಷ ಗಾಂಜಾ ಸೇದಿಯೋ ಮಾತ್ರೆ ನುಂಗಿಯೋ ಕದ್ದೋ ಸಿಕ್ಕಿಬಿದ್ದ ಹುಡುಗ ಹುಡುಗಿಯರನ್ನು ಹಗ್ಗ ಹಿಡಿಯಲು ಕರೆಯುತ್ತಾರೆ. ಇಳಿಯುವುದು ಊರ ಹಿರಿಯರಲ್ಲಿ ಒಬ್ಬರು. ಇಳಿಯುವಾಗ ಗಟ್ಟಿಯಾಗಿ ಹಿಡಿ ಅಂತ ಹೇಳುವ ಹಾಗಿಲ್ಲ, ಅದೂ ಹಗ್ಗವನ್ನು ಕಂಬಕ್ಕೆ ಬಿಗಿದ ಹಾಗೇ ಅಂತೆ. ಬಾಯಿತಪ್ಪಿ ಹೇಳಿದರೆ ಅವರ ಸೊಂಟದ ಹಗ್ಗ ಬಿಚ್ಚಿ, ನೆರಳಲ್ಲಿ ಕೂರಿಸಿ, ಬೇರೆಯವರನ್ನು ಇಳಿಸುತ್ತಾರೆ.