ನಾಲ್ಕೂವರೆ ಲಕ್ಷ ಕಿಲೋಮೀಟರು ಓಡಿದ ಕಾರು

“ಗುರುಗಳೇ, ನಾನು ಇನ್ನೇನನ್ನು ಸರಿಪಡಿಸಿಕೊಳ್ಳಲಿ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ. “ಮಠಕ್ಕೆ ಬಂದು ಹನ್ನೊಂದು ವರ್ಷವಾಯಿತು. ಪೂಜೆ ತಪ್ಪಿಸಿಲ್ಲ, ಓದು ತಪ್ಪಿಸಿಲ್ಲ. ಸಿಟ್ಟು ಬರುತ್ತಿತ್ತು, ಬಿಟ್ಟೆ. ನಿದ್ದೆ ಹೆಚ್ಚಾಗಿತ್ತು, ಕಡಿಮೆ ಮಾಡಿದೆ. ನನ್ನಲ್ಲಿ ತಪ್ಪು ಕಂಡ ಕೂಡಲೇ ತಿದ್ದಿಕೊಂಡಿದ್ದೇನೆ. ಆದರೂ ಎಲ್ಲೋ ಏನೋ ಸರಿಯಿಲ್ಲ ಎನಿಸುತ್ತದೆ.”

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರು. ಶಿಷ್ಯನಿಗೆ ಕುಳಿತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಬ್ಯಾಡಗಿಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ವೃಷಭೇಂದ್ರಪ್ಪ ಎಂದು ಹೆಸರು. ನಲವತ್ತನೆಯ ವಯಸ್ಸಿನಲ್ಲಿ ಅವನು ಒಂದು ದೊಡ್ಡ ವಿದೇಶಿ ಕಾರು ಕೊಂಡ. ಅದನ್ನು ಓಡಿಸಲು ದಾವಲಸಾಬ ಎಂಬ ಡ್ರೈವರನನ್ನು ಇಟ್ಟುಕೊಂಡ. ವ್ಯಾಪಾರಕ್ಕೆಂದು ಗುಂಟೂರು, ಮುಂಬಯಿ, ಚೆನ್ನೈ ಎಂದು ಇಬ್ಬರೂ ತಿರುಗಿದರು. ಹತ್ತೊಂಬತ್ತು ವರ್ಷಗಳಲ್ಲಿ ಕಾರು ನಾಲ್ಕೂವರೆ ಲಕ್ಷ ಕಿಲೋಮೀಟರು ಓಡಿತು.

ಅಷ್ಟು ಓಡಿದ ಕಾರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಮಾರಿಬಿಡು ಎಂದು ನೆಂಟರು ಹೇಳಿದರು. ಬಿಡಿಭಾಗಗಳು ಇನ್ನು ಸಿಗುವುದಿಲ್ಲ ಎಂದು ಅಂಗಡಿಯವರು ಹೇಳಿದರು. ವ್ಯಾಪಾರಿ ಕೇಳಲಿಲ್ಲ. ಅವನಿಗೆ ಆ ಕಾರಿನ ಮೇಲೆ ಪ್ರೀತಿ ಇತ್ತು. ಪ್ರೀತಿಯ ಜೊತೆಗೆ ಶ್ರದ್ಧೆಯೂ ಇತ್ತು. ಹೊಸ ಕಾರು ಕೊಳ್ಳಲು ಹಣವಿದ್ದರೆ ಸಾಕು, ಹಳೆಯದನ್ನು ಚೆನ್ನಾಗಿಡಲು ಗಮನ ಬೇಕು. ಅವನು ಗಮನ ಕೊಟ್ಟ.

ಎಂಜಿನ್ ಆಯಿಲನ್ನು ಕಂಪನಿ ಹೇಳಿದ ಅರ್ಧ ಅವಧಿಗೇ ಬದಲಿಸುತ್ತಿದ್ದ. ಗೇರ್‌ಬಾಕ್ಸಿನ ಆಯಿಲನ್ನು ಎಂದಿಗೂ ಬದಲಿಸಬೇಕಿಲ್ಲ ಎಂದು ಪುಸ್ತಕದಲ್ಲಿ ಬರೆದಿತ್ತು. ಅದನ್ನೂ ಬದಲಿಸಿದ. ರಬ್ಬರು ಒಣಗಿ ಬಿರುಕು ಬಿಡುವ ಮೊದಲೇ ಹೊಸ ಪೈಪು ಹಾಕಿಸಿದ. ಕಾರು ಗುಂಡಿಗೆ ಇಳಿದಾಗ ಕೆಳಗಿನಿಂದ ಸಣ್ಣದೊಂದು ಸದ್ದು ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತ ಎರಡು ತಿಂಗಳು ಕಳೆದ. ಸೀಟಿನ ಚರ್ಮಕ್ಕೆ ತಾನೇ ಕೈಯಾರೆ ಎಣ್ಣೆ ಸವರುತ್ತಿದ್ದ. ಎಲ್ಲೂ ಸಿಗದ ಭಾಗವನ್ನು ಜರ್ಮನಿಯಿಂದ ತರಿಸಿ, ಹುಬ್ಬಳ್ಳಿಯ ಪಾಸ್ಕಲ್ ಎಂಬ ಮಿಸ್ತ್ರಿಯ ಕೈಯಲ್ಲಿ ಹಾಕಿಸುತ್ತಿದ್ದ. ಪಾಸ್ಕಲ್ ಮಿಸ್ತ್ರಿ ನನಗೆ ಪರಿಚಯದವನು. ಈ ಕತೆಯನ್ನು ನನಗೆ ಹೇಳಿದವನೂ ಅವನೇ.

ದಿನಾ ಬೆಳಿಗ್ಗೆ ವ್ಯಾಪಾರಿ ಅಂಗಳಕ್ಕೆ ಬಂದು ಒಂದೇ ಮಾತು ಕೇಳುತ್ತಿದ್ದ.

“ದಾವಲಸಾಬ, ಗಾಡಿ ಹೇಗಿದೆ?”

ದಾವಲಸಾಬ ಹೇಳುತ್ತಿದ್ದ. ಅವನು ಹೇಳಿದ್ದನ್ನು ವ್ಯಾಪಾರಿ ಒಂದು ದಿನವೂ ತಳ್ಳಿಹಾಕಲಿಲ್ಲ.

ಒಂದು ಬೆಳಿಗ್ಗೆ ದಾವಲಸಾಬ, “ಸಾಹುಕಾರ್ರೇ, ಮುಂದಿನ ದೀಪದ ಬೆಳಕು ಸಾಲುತ್ತಿಲ್ಲ” ಎಂದ. ದೀಪದ ಗಾಜು ನಿಜವಾಗಿಯೂ ಹಳದಿ ಬಣ್ಣಕ್ಕೆ ತಿರುಗಿತ್ತು. ವ್ಯಾಪಾರಿ ಎರಡೂ ದೀಪಗಳನ್ನು ತೆಗೆಸಿ, ಹೆಚ್ಚು ಬೆಳಕು ಕೊಡುವ ಹೊಸ ದೀಪಗಳನ್ನು ಹಾಕಿಸಿದ. ಕೆಲವು ತಿಂಗಳ ಮೇಲೆ ದಾವಲಸಾಬ, ಮುಂದಿನ ದೊಡ್ಡ ಗಾಜು ಮಂಜಾಗಿದೆ ಎಂದ. ಅಷ್ಟು ವರ್ಷ ಧೂಳು ಉಜ್ಜಿದ ಗಾಜು ಮಂಜಾಗದೆ ಇರುತ್ತದೆಯೇ? ವ್ಯಾಪಾರಿ ಹೊಸ ಗಾಜು ತರಿಸಿದ.

ಆಮೇಲೆ ಎಡಗಡೆಯ ಬಾಗಿಲು ಮನೆಯ ಗೇಟಿಗೆ ಉಜ್ಜಿತು. ಬಣ್ಣ ಹೊಡೆಸಿದ ಮೇಲೆ ಮತ್ತೊಮ್ಮೆ ಉಜ್ಜಿತು. ಎಡಗಡೆಯ ಕನ್ನಡಿ ಸಣ್ಣದು ಎಂದ ದಾವಲಸಾಬ. ವ್ಯಾಪಾರಿ ದೊಡ್ಡ ಕನ್ನಡಿ ಹಾಕಿಸಿದ. ಗೇಟು ಕಟ್ಟಿಸಿದಾಗ ಇಷ್ಟು ಅಗಲದ ಕಾರು ಬರುತ್ತದೆಂದು ಯಾರು ಎಣಿಸಿದ್ದರು ಎಂದು ಹೇಳಿ, ಗೇಟಿನ ಕಂಬವನ್ನೇ ಕೆಡವಿಸಿ ಒಂದು ಅಡಿ ಆಚೆಗೆ ಕಟ್ಟಿಸಿದ. ಮುಂದೆ ಹೋಗುವ ಗಾಡಿಗಳಿಗೆ ಕಾರು ತೀರ ಹತ್ತಿರ ಹೋಗಿ ನಿಲ್ಲತೊಡಗಿತು. ಬ್ರೇಕು ಸವೆದಿರಬೇಕು ಎಂದುಕೊಂಡು ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕು ಹಾಕಿಸಿದ. ಅದೂ ಸಾಮಾನ್ಯವಾದದ್ದಲ್ಲ, ಇದ್ದುದರಲ್ಲೇ ಉತ್ತಮವಾದದ್ದು.

ಹೀಗೆ ಕಾರು ಕೊಂಡ ದಿನ ಇದ್ದುದಕ್ಕಿಂತಲೂ ಚೆನ್ನಾಯಿತು. ಊರಿನವರು ನಿಂತು ನೋಡುತ್ತಿದ್ದರು.

ಒಂದು ದಿನ ಇಳಿಹೊತ್ತು. ಇಬ್ಬರೂ ರಾಣೆಬೆನ್ನೂರಿನಿಂದ ಮರಳುತ್ತಿದ್ದರು. ರಸ್ತೆಯ ಎಡಗಡೆಯಿಂದ ಒಬ್ಬ ಮುದುಕಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ದಾಟುತ್ತಿದ್ದಳು. ಕಾರಿನ ವೇಗ ತಗ್ಗಲಿಲ್ಲ. ದಾವಲಸಾಬ ನೆಟ್ಟಗೆ ಮುಂದೆ ನೋಡುತ್ತಲೇ ಇದ್ದ.

“ದಾವಲಸಾಬ!” ಎಂದು ವ್ಯಾಪಾರಿ ಕೂಗಿದ.

ಆ ಕೂಗು ಕೇಳಿ ದಾವಲಸಾಬ ಬ್ರೇಕು ಒತ್ತಿದ. ಚಕ್ರಗಳು ರಸ್ತೆಯನ್ನು ಕಚ್ಚಿ ನಿಂತವು. ಮುದುಕಿಗೂ ಕಾರಿಗೂ ನಡುವೆ ಒಂದು ಗೇಣು ಜಾಗವಿತ್ತು. ಹೊರೆ ಕೆಳಗೆ ಬಿದ್ದು ಹುಲ್ಲು ಚೆಲ್ಲಿತು. ವ್ಯಾಪಾರಿ ಇಳಿದು ಹೋಗಿ ಅವಳನ್ನು ಸಮಾಧಾನ ಮಾಡಿದ. ಹುಲ್ಲನ್ನು ಕಟ್ಟಿ ಹೊರೆಯನ್ನು ತಲೆಗೆ ಎತ್ತಿಕೊಟ್ಟ. ತಿರುಗಿ ಬಂದಾಗ ದಾವಲಸಾಬ ಇನ್ನೂ ಎರಡೂ ಕೈಗಳಿಂದ ಸ್ಟೇರಿಂಗು ಹಿಡಿದು ಕುಳಿತಿದ್ದ. ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಮನೆಗೆ ಬಂದ ವ್ಯಾಪಾರಿ ಹೆಂಡತಿಗೆ ಹೇಳಿದ್ದೇನು ಗೊತ್ತೇ? “ಎಂಥ ಬ್ರೇಕು! ಬೇರೆ ಗಾಡಿಯಾಗಿದ್ದರೆ ಆ ಮುದುಕಿ ಉಳಿಯುತ್ತಿರಲಿಲ್ಲ” ಎಂದ. ಅದು ಸುಳ್ಳಲ್ಲ. ಮರುದಿನ ಮಂಡಿಯಲ್ಲಿಯೂ ನಾಲ್ಕು ಜನರಿಗೆ ಅದನ್ನೇ ಹೇಳಿದ. ಮುಂದಿನ ವಾರ ಕಾರನ್ನು ಹುಬ್ಬಳ್ಳಿಗೆ ಒಯ್ದ. ಅಷ್ಟು ಜೋರಾಗಿ ಒತ್ತಿದ ಬ್ರೇಕಿಗೆ ಏನಾದರೂ ಆಗಿದ್ದರೆ ನೋಡು ಎಂದು ಪಾಸ್ಕಲ್ ಮಿಸ್ತ್ರಿಗೆ ಹೇಳಿದ. ಬಂದದ್ದಕ್ಕೆ ಇನ್ನೊಂದು ಮಾತನ್ನೂ ಸೇರಿಸಿದ.

“ಮುಂದಿನ ಗಾಜು ಮತ್ತೆ ಮಂಜಾಗಿದೆಯಂತೆ, ಮಿಸ್ತ್ರಿ. ಹೊಸದು ಹಾಕಿ ವರ್ಷ ಕೂಡ ಆಗಿಲ್ಲ.”

ಮಿಸ್ತ್ರಿ ಡ್ರೈವರನ ಸೀಟಿನಲ್ಲಿ ಕುಳಿತು ಗಾಜಿನಿಂದ ಹೊರಗೆ ನೋಡಿದ. ಬಟ್ಟೆಯಿಂದ ಒರಸಿ ಮತ್ತೆ ನೋಡಿದ. ಗಾಜು ಚೊಕ್ಕವಾಗಿತ್ತು. ಎರಡು ವರ್ಷಗಳಲ್ಲಿ ತಾನೇ ಹಾಕಿದ ದೀಪ, ಗಾಜು, ಕನ್ನಡಿ, ಬ್ರೇಕು ಎಲ್ಲವೂ ಅವನ ನೆನಪಿಗೆ ಒಟ್ಟಿಗೆ ಬಂದವು. ಅವನು ಕಾರಿನಿಂದ ಇಳಿದು ದಾವಲಸಾಬನನ್ನು ಹತ್ತಿರ ಕರೆದ. ರಸ್ತೆಯ ಆಚೆ ಒಂದು ಲಾರಿ ನಿಂತಿತ್ತು.

“ದಾವಲ್ ಭಾಯ್, ಆ ಲಾರಿಯ ನಂಬರು ಓದಿ” ಎಂದ.

ದಾವಲಸಾಬ ಆ ಕಡೆ ನೋಡಿದ. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ನೋಡಿದ. ಆಮೇಲೆ ನೆಲ ನೋಡಿದ.

“ಯಾವ ಲಾರಿ?” ಎಂದ.

ವ್ಯಾಪಾರಿಗೆ ಆಗ ಅರ್ಥವಾಯಿತು. ದೀಪ ಸಾಲದು ಎಂದಾಗ ಸಾಲದೆ ಹೋದದ್ದು ಯಾವುದು, ಗೇಟಿನ ಕಂಬ ಯಾಕೆ ತಾಗಿತು ಎಂಬುದೆಲ್ಲ ತಿಳಿಯಿತು. ಅವನಿಗೆ ಮೊದಲು ಬಂದದ್ದು ಸಿಟ್ಟು.

“ಇಷ್ಟು ದಿನ ಯಾಕೆ ಹೇಳಲಿಲ್ಲ? ಆ ಮುದುಕಿ ಸತ್ತಿದ್ದರೆ? ನನ್ನ ಹೆಂಡತಿ, ಮಗಳು ಈ ಗಾಡಿಯಲ್ಲಿ ಕೂತು ಓಡಾಡುತ್ತಾರೆ!”

ದಾವಲಸಾಬ ಹೇಳಿದ: “ಮೊದಮೊದಲು ನನಗೂ ಗಾಡಿಯದೇ ದೋಷ ಅನಿಸಿತು, ಸಾಹುಕಾರ್ರೇ. ದೀಪ ಬದಲಿಸಿದ ಮೇಲೆ ತಿಳಿಯಿತು. ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿದೆ. ಅದು ನನ್ನ ತಪ್ಪು. ಆ ಮುದುಕಿಯ ಮುಖ ನನಗೆ ಕಾಣಲೇ ಇಲ್ಲ, ಆದರೂ ದಿನಾ ಕಣ್ಣ ಮುಂದೆ ಬರುತ್ತಾಳೆ.” ಮತ್ತೆ ಹೇಳಿದ: “ನೀವು ದಿನಾ ಬೆಳಿಗ್ಗೆ ಗಾಡಿ ಹೇಗಿದೆ ಎಂದು ಕೇಳುತ್ತಿದ್ದಿರಿ. ನಾನು ಗಾಡಿಯದನ್ನೇ ಹೇಳುತ್ತಿದ್ದೆ.”

ವ್ಯಾಪಾರಿಯ ಸಿಟ್ಟು ಅಲ್ಲಿಗೇ ನಿಂತಿತು. ಹತ್ತೊಂಬತ್ತು ವರ್ಷ ಆ ಮನುಷ್ಯನ ಬೆನ್ನ ಹಿಂದೆ ಕುಳಿತಿದ್ದ. ಎಂಜಿನ್ನಿನ ಸದ್ದು ಒಂದಿಷ್ಟು ಬದಲಾದರೂ ಅವನ ಕಿವಿಗೆ ಬೀಳುತ್ತಿತ್ತು. ದಾವಲಸಾಬ ಈಚೆಗೆ ಚಹದ ಲೋಟವನ್ನು ತಡವಿ ಹಿಡಿಯುತ್ತಾನೆ ಎಂಬುದು ಮಾತ್ರ ಈಗ ನೆನಪಾಯಿತು. ಎಷ್ಟೋ ಸಲ ಕಂಡಿದ್ದ. ಅದೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಂದೇ ದಾವಲಸಾಬನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಕಾರನ್ನು ಮಿಸ್ತ್ರಿಯ ಹತ್ತಿರವೇ ಬಿಟ್ಟು ಆಟೋದಲ್ಲಿ ಹೋದರು. ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಬಲಗಣ್ಣಿನಲ್ಲಿ ಪೊರೆ ಬಂದಿದೆ, ಅದನ್ನು ತೆಗೆಯಬಹುದು ಎಂದರು. ಎಡಗಣ್ಣಿನ ನರ ಒಣಗಿದೆ, ಅದು ಹೋದ ಹಾಗೆಯೇ ಎಂದರು.

ಅಷ್ಟು ವರ್ಷದ ರೂಢಿಯಿಂದ ವ್ಯಾಪಾರಿ ಕೇಳಿದ: “ಅದನ್ನು ಬದಲಿಸಲು ಬರುವುದಿಲ್ಲವೇ? ಎಲ್ಲಿಂದಾದರೂ ತರಿಸೋಣ. ಎಷ್ಟಾದರೂ ಆಗಲಿ.”

“ಇದು ಎಲ್ಲಿಂದಲೂ ಬರುವುದಿಲ್ಲ” ಎಂದರು ಡಾಕ್ಟರು. “ಎರಡು ವರ್ಷದ ಹಿಂದೆ ಬಂದಿದ್ದರೆ ದಿನಕ್ಕೆ ಎರಡು ಹನಿ ಔಷಧಿಯಲ್ಲಿ ಉಳಿಯುತ್ತಿತ್ತು.”

ವ್ಯಾಪಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅತ್ತ. ದಾವಲಸಾಬ ಅವನ ಪಕ್ಕದಲ್ಲಿ ಕುಳಿತ. ಯಾರು ಯಾರನ್ನು ಸಮಾಧಾನ ಮಾಡಬೇಕೋ ಇಬ್ಬರಿಗೂ ತಿಳಿಯಲಿಲ್ಲ.

ಬಲಗಣ್ಣಿನ ಪೊರೆ ತೆಗೆದರು. ಅದು ಸರಿಹೋಯಿತು. ದಾವಲಸಾಬ ಮತ್ತೆ ಕಾರು ಓಡಿಸಲಿಲ್ಲ. ಅವನ ಸಂಬಳ ನಿಲ್ಲಲಿಲ್ಲ. ಅರವತ್ತರ ಹತ್ತಿರದ ವ್ಯಾಪಾರಿ ತಾನೇ ಸ್ಟೇರಿಂಗು ಹಿಡಿದು ಕಲಿತ. ದಾವಲಸಾಬ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟ. ವ್ಯಾಪಾರಿ ಮೊದಲ ತಿಂಗಳಲ್ಲೇ ಕಾರನ್ನು ಮೂರು ಕಡೆ ಉಜ್ಜಿದ. ಆ ಗೀರುಗಳಿಗೆ ಅವನು ಬಣ್ಣ ಹೊಡೆಸಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರುಳಸಿದ್ಧ ಸ್ವಲ್ಪ ಯೋಚಿಸಿದ. “ಹಾಗಾದರೆ ಕಾರಿನ ಮೇಲೆ ಅಷ್ಟು ಪ್ರೀತಿ ಇಟ್ಟದ್ದೇ ವ್ಯಾಪಾರಿಯ ತಪ್ಪು, ಅಲ್ಲವೇ ಗುರುಗಳೇ? ಜಡ ವಸ್ತುವಿನ ಮೇಲಿನ ಮೋಹವನ್ನು ಬಿಡಬೇಕು ಎಂದು ತಾನೇ ಇದರ ಅರ್ಥ?”

“ಅಲ್ಲ” ಎಂದರು ಗುರುಗಳು. “ಅವನು ಕಾರನ್ನು ಅಷ್ಟು ಪ್ರೀತಿಸದೆ ಇದ್ದಿದ್ದರೆ ಆ ದಿನ ಮುದುಕಿ ಚಕ್ರದ ಕೆಳಗೆ ಸಾಯುತ್ತಿದ್ದಳು. ಅವನು ಮಾಡಿದ ಕೆಲಸದಲ್ಲಿ ಒಂದೂ ತಪ್ಪಿರಲಿಲ್ಲ.”

“ಒಂದೂ ತಪ್ಪಿಲ್ಲದಿದ್ದರೆ ನಾನು ಇದರಿಂದ ಕಲಿಯಬೇಕಾದದ್ದೇನು? ನನ್ನ ಸಾಧನೆಯಲ್ಲಿ ಉಳಿದಿರುವ ಕೊರತೆ ಯಾವುದು?” ಎಂದು ಮರುಳಸಿದ್ಧ ಮತ್ತೆ ಕೇಳಿದ.

ಗುರುಗಳು ಎದ್ದು ನಿಂತು ಹೇಳಿದರು:

“ದಿನಾ ಎರಡು ಹೊತ್ತು ನಿನಗೆ ಊಟ ಬಡಿಸುವ ಸಂಗಮ್ಮನನ್ನು ನಾಳೆ ಕಿವಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಬೇಕು; ಅವಳಿಗೆ ಕೇಳಿಸದಿರುವುದು ಯಾವ ಕಿವಿ, ಮರುಳಸಿದ್ಧ?”